ಅಸಲಿ, ಅಷ್ಟೇ

ಮೀನಿನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳುತ್ತ ಹೋದಂತೆ ಒಬ್ಬೊಬ್ಬರ ಮೇಲೂ ಸಿಟ್ಟು ಬರುತ್ತದೆ. ಆ ಭರದಲ್ಲಿ ಪಾಪ, ಮೀನೂ ಸೇರಿಹೋಗಬಾರದು.

ಅದೊಂದು ಕಾರ್ಡು. ಅಂಗೈಯಲ್ಲಿ ಹಿಡಿಸುವಷ್ಟು ರಟ್ಟು. ಕಪ್ಪು ನೀರಿನ ನಡುವೆ ಸೂಜಿಹಲ್ಲಿನ ದೊಡ್ಡ ಬಾಯಿ, ಹಣೆಯಿಂದ ಮುಂದಕ್ಕೆ ಬಾಗಿದ ಕಡ್ಡಿ, ಕಡ್ಡಿಯ ತುದಿಗೆ ಹಳದಿ ದೀಪ. ಹಿಂದೆ ಬಿಸ್ಕೆಟ್ ಪೊಟ್ಟಣಗಳೊಳಗೆ ಬರುತ್ತಿದ್ದ ‘ಆಳಕಡಲು’ ಸರಣಿಯ ಲಾಟೀನು ಮೀನು. ಆಗಿನ ಮಕ್ಕಳು ಅದನ್ನು ಗೋಡೆಗೆ ಅಂಟಿಸಿದರು, ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಟರ್ರನೆ ಸದ್ದು ಮಾಡಿಸಿದರು, ಮಳೆಯಲ್ಲಿ ನೆನೆಸಿದರು. ಹಾಗಾಗಿ ಉಳಿದದ್ದು ಕಡಿಮೆ. ಉಳಿದದ್ದರಲ್ಲಿ ಒಂದು ನನ್ನ ಗಂಡನ ಬಳಿ ಇತ್ತು.

ನನ್ನ ಗಂಡ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾನೆ. ಅಲ್ಲಿ ಅವನ ಹೆಸರು ‘ಒಳಗಿರೋನು’. “ಒಳಗಿರೋನಿಗೆ ಕೊಡಿ”, “ಒಳಗಿರೋನು ಇನ್ನೂ ಮುಗಿಸಿಲ್ಲ.” ಆದರೆ ಭಾನುವಾರ ಮಾರುಕಟ್ಟೆಯ ನೆಲಮಾಳಿಗೆಯ ಕಾರ್ಡಿನಂಗಡಿಗೆ ಇಳಿದನೆಂದರೆ ಅವನು ‘ಕಣ್ಣು’. ಅಷ್ಟು ದೂರದಿಂದ ಕಾರ್ಡು ನೋಡಿ ಮೂಲೆ ಮೆತ್ತಗಾಗಿದೆಯೋ ಇಲ್ಲವೋ ಹೇಳಬಲ್ಲ. “ಕಣ್ಣು ಬಂದ, ಜಾಗ ಬಿಡ್ರಪ್ಪ” ಎನ್ನುತ್ತಾರೆ. ವಾರವಿಡೀ ಅವನು ಆ ಒಂದು ಮಾತಿಗಾಗಿ ಬದುಕುತ್ತಾನೆ ಎಂದು ನನಗೆ ಗೊತ್ತಿತ್ತು. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಅಂಗಡಿ ಪ್ರೊಫೆಸರರದು. ಅವರು ಯಾವ ಕಾಲೇಜಿನಲ್ಲೂ ಪಾಠ ಮಾಡಿದವರಲ್ಲ. ಸೆಕೆಯಲ್ಲೂ ಕೋಟು ಹಾಕುತ್ತಾರೆ, ಅಷ್ಟಕ್ಕೇ ಆ ಹೆಸರು. ಲಾಟೀನು ಮೀನನ್ನು ನನ್ನ ಗಂಡನಿಗೆ ಮಾರಿದವರು ಅವರೇ. ಮಾರುವಾಗ ಗಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ, ಕವರಿನ ಬಾಯಿಗೆ ಅಡ್ಡವಾಗಿ ತಮ್ಮ ಸಹಿಯಿರುವ ಹಸಿರು ಸ್ಟಿಕ್ಕರ್ ಅಂಟಿಸಿ, “ಇದನ್ನ ತೆಗೆಯೋ ದಿನ ನನ್ನನ್ನ ನೆನೆಸ್ಕೋ” ಎಂದಿದ್ದರಂತೆ. ಮೀನು ಹಾಗೇ ನಮ್ಮ ನಡುಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ನಾನು ಧೂಳು ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದೆ.

ಇನ್ನು ನಾನು. ನಾನು ಪುಸ್ತಕಕ್ಕೆ ರಟ್ಟು ಕಟ್ಟುವವಳು. ಬೈಂಡಿಂಗ್ ಕೆಲಸ. ಹಾಳೆ ಮಡಿಸಿ, ಹೊಲಿದು, ಅಂಟು ಬಳಿದು, ಕೊನೆಗೆ ದೊಡ್ಡ ಕತ್ತರಿ ಯಂತ್ರಕ್ಕೆ ಕೊಟ್ಟು ಮೂರು ಮಗ್ಗುಲು ಕತ್ತರಿಸಬೇಕು. ಆ ಮೂರು ಮಗ್ಗುಲು ಬೀಳುವ ತನಕ ನಮ್ಮಲ್ಲಿ ಅದನ್ನು ಪುಸ್ತಕ ಎನ್ನುವುದಿಲ್ಲ, ಕಂತೆ ಎನ್ನುತ್ತೇವೆ. ಈ ಚಾಳಿ ಮನೆಗೂ ಬಂದಿದೆ, ಒಪ್ಪುತ್ತೇನೆ. ಪತ್ರಿಕೆಯ ಅಂಚು ಜೋಡಿಸದೆ ಇಡಲಾರೆ, ಮಾತ್ರೆಯ ಪಟ್ಟಿಯ ಚೂಪು ತುದಿಯನ್ನು ಕತ್ತರಿಸದೆ ಬಿಡಲಾರೆ. “ಬಿಟ್ಟರೆ ಇವಳು ಚಂದ್ರನನ್ನೂ ಚೌಕ ಮಾಡ್ತಾಳೆ” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ.

ಕಾರ್ಡುಗಳಿಗೆ ಅಂಕ ಕೊಡುವ ಕಂಪನಿಯೊಂದಿದೆ. ಕಳಿಸಿಕೊಟ್ಟರೆ ಪರೀಕ್ಷೆ ಮಾಡಿ, ಒಡೆಯದ ಹೊರತು ತೆರೆಯಲಾಗದ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ, ನೆತ್ತಿಯ ಮೇಲೆ ಒಂದು ಚೀಟಿಯಿಟ್ಟು ವಾಪಸ್ ಕಳಿಸುತ್ತಾರೆ. ಚೀಟಿಯಲ್ಲಿ ಕಾರ್ಡಿನ ಹೆಸರು, ಬಲಗಡೆ ಒಂದರಿಂದ ಹತ್ತರವರೆಗಿನ ಒಂದು ಅಂಕ. ಹತ್ತು ಅಂದರೆ ನಿನ್ನೆ ಅಚ್ಚಾದಂತಿದೆ. ಒಂದು ಅಂದರೆ ಸೈಕಲ್ ಚಕ್ರದಿಂದ ಬಂದಿದೆ. ಮುಂದಿನ ಕಾರ್ಡು ಮೇಳದಲ್ಲಿ ಪರೀಕ್ಷಕರ ಮೇಜಿನ ಹಿಂದೆ, ಪ್ರೊಫೆಸರರ ಪಕ್ಕದ ಕುರ್ಚಿ ನನ್ನ ಗಂಡನಿಗೆ ಎಂದು ಮಾತಾಗಿತ್ತು. ಆ ಕುರ್ಚಿಯಲ್ಲಿ ಕೂರುವವನ ಬಳಿ ಅಂಕ ಪಡೆದ ಕಾರ್ಡೊಂದಾದರೂ ಇರಬೇಡವೇ? ಹಾಗೆ ಮೀನು ಹೊರಟಿತು.

ಕಳಿಸುವ ದಿನ ಅವನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತ. “ಫ್ಯಾನ್ ಆರಿಸು” ಎಂದ. ಆರಿಸಿದೆ. “ಉಸಿರು ಆ ಕಡೆ ಬಿಡು” ಎಂದ. ಆ ಕಡೆ ಬಿಟ್ಟೆ. ಚಿಮುಟದಿಂದ ಹಸಿರು ಸ್ಟಿಕ್ಕರನ್ನು ಹೂವಿನ ಎಸಳು ಬಿಡಿಸಿದಂತೆ ಬಿಡಿಸಿ, ಕಾರ್ಡನ್ನು ಕಂಪನಿಯವರು ಹೇಳಿದ ಮೆತ್ತನೆಯ ಕವರಿಗೆ ಜಾರಿಸಿ, ಡಬ್ಬಕ್ಕೆ ಹಾಕಿ, ತಾನೇ ಕೊರಿಯರ್‌ನವರ ಕೈಗೆ ಕೊಟ್ಟು ಬಂದ. ನಾನು ಅದನ್ನು ಮುಟ್ಟಲೂ ಇಲ್ಲ. ಮುಟ್ಟಬೇಕೆಂದು ಅನಿಸಿದ್ದೂ ಇಲ್ಲ.

ಅದು ತಿರುಗಿ ಬಂದ ಸಂಜೆ ನಾವು ಮೂವರೂ ನಡುಮನೆಯಲ್ಲಿದ್ದೆವು. ಅವನು ಡಬ್ಬಿಯನ್ನು ಹೊರಗೆ ತೆಗೆದ. ಹೆಸರಿತ್ತು. ಬಲಗಡೆ, ಅಂಕ ಇರಬೇಕಾದ ಕಡೆ, ‘ಅಸಲಿ’ ಎಂದಿತ್ತು.

“ಅಸಲಿ,” ಅತ್ತೆ ದೊಡ್ಡದಾಗಿ ಓದಿದರು. “ನೋಡು, ಅವರೇ ಬರೆದುಕೊಟ್ಟಿದಾರೆ. ಇಷ್ಟು ಕೆಟ್ಟ ಮುಖದ ಮೀನಿಗೆ ಎಂಥಾ ಗಾಜಿನ ಮನೆ.”

“ಅಂಕ ಎಲ್ಲಿ?” ಎಂದೆ.

“ನಾನೇ ಬೇಡ ಅಂದಿದ್ದೆ,” ಎಂದ ಅವನು. “ಬರೀ ಅಸಲಿಯೋ ನಕಲಿಯೋ ಹೇಳಿ ಸಾಕು ಅಂತಾನೂ ಕೇಳ್ಬಹುದು.”

ಹಾಗೆ ಕೇಳಬಹುದು ಎಂಬುದು ನಿಜ. ಅವನು ಹಾಗೆ ಕೇಳಿದ್ದು ಸುಳ್ಳು. ಅದು ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು. ಪಕ್ಕದ ಮನೆಯಾಕೆ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ನಿಮ್ಮ ಮೀನು ಅಸಲಿಯಂತೆ, ಖುಷಿ ಆಯ್ತು” ಎಂದರು. ಅದನ್ನು ತಮಾಷೆಯಾಗಿ ಗಂಡನಿಗೆ ಹೇಳಿದಾಗ ಅವನು ತಟ್ಟೆ ಸರಿಸಿ ಎದ್ದುಬಿಟ್ಟ.

“ಅಂಕ ಇಲ್ದೆ ಅಸಲಿ ಅಂತ ಬಂದ್ರೆ ಏನರ್ಥ ಗೊತ್ತಾ ನಿನಗೆ?” ಎಂದ. “ಕಾರ್ಡು ನಕಲಿ ಅಲ್ಲ, ಆದ್ರೆ ಯಾರೋ ಕೈ ಹಾಕಿದಾರೆ ಅಂತ. ಅಂಚು ಕತ್ತರಿಸಿರ್ತಾರೆ, ಇಲ್ಲ ಬಣ್ಣ ತುಂಬಿರ್ತಾರೆ, ಇಲ್ಲ ಒತ್ತಿ ಸುಕ್ಕು ತೆಗೆದಿರ್ತಾರೆ. ನಮ್ಮದು ಒಂದು ಕಡೆ ಕೂದಲೆಳೆಯಷ್ಟು ಗಿಡ್ಡ. ಪ್ರೊಫೆಸರ್ ಸ್ಟಿಕ್ಕರ್ ನಂಬಿ ನಾನು ಅಂಚು ನೋಡೋಕೇ ಹೋಗಿರಲಿಲ್ಲ. ಕತ್ತರಿಸಿದಾರೆ.”

“ಮೂಲೆ ಮುರಿದದ್ದಕ್ಕೂ ಅಂಕ ಕೊಡ್ತಾರೆ ಅಂತಿದ್ದೆಯಲ್ಲ.”

“ಕೊಡ್ತಾರೆ. ಒಂದೋ ಎರಡೋ. ಅದು ಬದುಕಿ ಹಾಳಾಗಿದ್ದು. ಇದು ಚೆಂದ ಮಾಡೋಕೆ ಹೋಗಿ ಹಾಳಾಗಿದ್ದು. ಇದಕ್ಕೆ ಅಂಕ ಇಲ್ಲ.”

“ಯಾರು ಕತ್ತರಿಸಿದ್ದು ಅಂತ ಬರೆಯಲ್ವಾ ಅವರು?”

“ಅದು ಅವರ ಕೆಲಸ ಅಲ್ಲ.”

ಅತ್ತೆ ಅಡುಗೆಮನೆಯಿಂದಲೇ, “ಅಸಲು ಉಳೀತಲ್ಲ ಬಿಡೋ, ಬಡ್ಡಿ ಹೋದ್ರೆ ಹೋಗ್ಲಿ” ಎಂದರು. ಅವನು ನಗಲಿಲ್ಲ. ನನಗೆ ನಿಜವಾಗಿ ಅಯ್ಯೋ ಅನಿಸಿತು. ಪ್ರೊಫೆಸರರೇ ಅವನಿಗೆ ಟೋಪಿ ಹಾಕಿದರಲ್ಲ, ದೇವರಂತೆ ನಂಬಿದ್ದನಲ್ಲ ಎಂದು ಮರುಗಿದೆ. ಹಾಲಿಗೆ ಸಕ್ಕರೆ ಹೆಚ್ಚು ಹಾಕಿ ಕೊಟ್ಟೆ. ಆ ಸಕ್ಕರೆ ನೆನೆದರೆ ಈಗ ನನ್ನ ಮೇಲೇ ಮೈ ಉರಿಯುತ್ತದೆ.

ಮರುವಾರ ಬೈಂಡಿಂಗ್ ಅಂಗಡಿಯಲ್ಲಿ ಯಜಮಾನಿ ನನ್ನನ್ನು ಅಂಟಿನ ಡ್ರಮ್ಮುಗಳ ಹಿಂದಕ್ಕೆ ಕರೆದರು. ಅವರು ಬೈಯಬೇಕಾದರೂ ಅಲ್ಲಿಗೇ ಕರೆಯುತ್ತಾರೆ, ಸಂಬಳ ಹೆಚ್ಚಿಸಬೇಕಾದರೂ ಅಲ್ಲಿಗೇ.

“ಗ್ರಂಥಾಲಯದ ಹಳೇ ನಕ್ಷೆಗಳು ಬರ್ತಿದಾವೆ,” ಎಂದರು. “ಹೊಲಿದು ರಟ್ಟು ಕಟ್ಟಬೇಕು. ಅಂಚು ಮಾತ್ರ ಮುಟ್ಟಕೂಡದು ಅಂತ ಕರಾರು. ನಿನಗೇ ಕೊಡೋಣ ಅಂತಿದ್ದೆ.”

“ಕೊಡಿ. ಯಂತ್ರದ ಹತ್ರಾನೂ ಒಯ್ಯಲ್ಲ.”

“ಅದೇ ಮಾತು.” ಅವರು ಕೈಗೆ ಮೆತ್ತಿದ್ದ ಅಂಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. “ಗ್ರಂಥಪಾಲರು ಫೋನ್ ಮಾಡಿದ್ರು. ನೀನು ಮನೇಲಿ ಗಂಡನ ಹಳೇ ಕಾರ್ಡನ್ನ ಅಂದ ಮಾಡೋಕೆ ಹೋಗಿ ಕತ್ತರಿಸಿಬಿಟ್ಟೆಯಂತೆ. ಚಾಳಿ ಕೈಯಲ್ಲಿರುತ್ತೆ, ನಕ್ಷೆ ಕಂಡರೆ ಅವಳ ಕೈ ಸುಮ್ಮನಿರುತ್ತಾ ಅಂತ ಕೇಳಿದ್ರು.”

ಹಿಂದೆ ಯಂತ್ರದ ಅಲಗು ಇಳಿಯುತ್ತಿತ್ತು, ಏಳುತ್ತಿತ್ತು.

“ಯಾರು ಹೇಳಿದ್ದಂತೆ?”

“ಕಾರ್ಡಿನಂಗಡೀಲಿ ಮಾತಾಯ್ತಂತೆ. ಅವರೂ ಭಾನುವಾರ ಅಲ್ಲಿಗೆ ಹೋಗ್ತಾರಲ್ಲ.” ಯಜಮಾನಿ ನನ್ನ ಮುಖ ನೋಡಿದರು. “ನೀನು ಹಾಗೆ ಮಾಡಿದ್ರೆ ಹೇಳು, ಮಾಡಿಲ್ದಿದ್ರೆ ಹೋಗಿ ಸರಿಮಾಡ್ಕೊಂಡು ಬಾ. ನಾನು ಈ ವಿಷಯದಲ್ಲಿ ಬಾಯಿ ಹಾಕಲ್ಲ. ನಕ್ಷೆ ಅವರದು.”

ನನ್ನ ಬಳಿ ಇರುವುದೇ ಈ ಎರಡು ಕೈ. ಓದು ಅರ್ಧಕ್ಕೆ ನಿಂತಿದೆ, ರೂಪದ ಬಗ್ಗೆ ಯಾರೂ ಹೊಗಳಿಲ್ಲ. ಆದರೆ ಹತ್ತಾರು ವರ್ಷದಲ್ಲಿ ನಾನು ಕಟ್ಟಿದ ಪುಸ್ತಕದ ಒಂದೇ ಒಂದು ಸಾಲು ಅಲಗಿಗೆ ಸಿಕ್ಕಿ ಹೋಗಿಲ್ಲ. ಆ ಕೈಗಳ ಮೇಲೆ ಯಾರೋ ಗೂಬೆ ಕೂರಿಸಿದ್ದರು, ನಾನಿಲ್ಲದ ಕೋಣೆಯಲ್ಲಿ, ನಗುನಗುತ್ತ.

ಮನೆಗೆ ಹೋದಾಗ ಅವನು ಮೃದುವಾದ ಬಟ್ಟೆಯಿಂದ ಡಬ್ಬಿ ಒರೆಸುತ್ತಿದ್ದ.

“ಮೀನನ್ನ ನಾನು ಕತ್ತರಿಸಿದೆ ಅಂತ ಯಾರು ಹೇಳಿದ್ದು?” ಚಪ್ಪಲಿ ಬಿಡದೆ ಕೇಳಿದೆ.

“ಹಾಗಂತ ಯಾರೂ ಹೇಳಲಿಲ್ಲ.”

“ಮತ್ತೆ?”

“ಪ್ರೊಫೆಸರ್ ಡಬ್ಬಿ ನೋಡಿದ್ರು. ‘ನಿಮ್ಮನೇಲಿ ಬ್ಲೇಡು ಯಾರ ಕೈಯಲ್ಲಿರುತ್ತೆ’ ಅಂದ್ರು. ತಮಾಷೆಗೆ. ಎಲ್ಲ ನಕ್ಕರು.”

“ನೀನು?”

ಅವನು ಡಬ್ಬಿಯ ಮೂಲೆಯನ್ನು ಒರೆಸಿದ. ಅಲ್ಲಿ ಏನೂ ಕೊಳೆ ಇರಲಿಲ್ಲ. “ನಾನೂ ನಕ್ಕೆ.”

“ಆಮೇಲೆ?”

“ಆಮೇಲೆ ಏನು? ಅವರವರೇ ಮಾತಾಡ್ಕೊಂಡ್ರು. ನಾನು ಹೌದು ಅಂತ ಹೇಳಲಿಲ್ಲ.”

“ಅಲ್ಲ ಅಂತ ಹೇಳಿದ್ಯಾ?”

ಅವನು ಬಟ್ಟೆ ಮಡಿಸಿಟ್ಟ. ನನ್ನ ಪಕ್ಕಕ್ಕೆ ಬಂದು, ಜ್ವರ ಬಂದ ಮಗುವಿಗೆ ಔಷಧಿ ಕುಡಿಸುವವರ ದನಿ ತೆಗೆದ. “ಕೇಳು. ಭಾನುವಾರ ನೀನೂ ಬಾ. ತಿಳಿಯದೆ ಆಯ್ತು ಅಂತ ಒಂದು ಮಾತು ಹೇಳ್ಬಿಡು. ನೀನು ಆ ಲೋಕದವಳಲ್ಲ, ನಿನಗೇನು ನಷ್ಟ? ನಾನು ಪ್ರೊಫೆಸರ್ ಹೆಸರು ಎತ್ತಿದ್ರೆ ಮುಗೀತು. ಮೇಳ ಇಲ್ಲ, ಕುರ್ಚಿ ಇಲ್ಲ, ಭಾನುವಾರವೂ ಇಲ್ಲ. ನನಗೆ ಇರೋದು ಅದೊಂದೇ ಜಾಗ.”

“ಒಂದು ಹೇಳು. ನಾನೇ ಮಾಡಿದೀನಿ ಅಂತ ನಿನಗೆ ಅನುಮಾನ ಇದೆಯಾ?”

“ಛೆ, ಇಲ್ಲಪ್ಪ,” ಎಂದ, ಪ್ರೀತಿಯಿಂದಲೇ. “ಸ್ಟಿಕ್ಕರ್ ಕಿತ್ತಿದ್ದು ನಾನಲ್ವಾ? ನನಗೆ ಗೊತ್ತಿಲ್ವಾ?”

ಅನುಮಾನಪಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅನುಮಾನಪಡುವ ಗಂಡನ ಜೊತೆ ಜಗಳ ಆಡಬಹುದು, ಅತ್ತು ಕರೆದು ಸಾಬೀತು ಮಾಡಬಹುದು. ಇವನು ನನ್ನನ್ನು ಪೂರ್ತಿ ನಂಬಿದ್ದ. ನಂಬಿಕೆಯನ್ನು ಒಳಗಿನ ಬಟ್ಟೆಯಂತೆ ಮನೆಯಲ್ಲೇ ಒಣಗಿಸಿಕೊಳ್ಳಬೇಕು ಎನ್ನುತ್ತಿದ್ದ. ನಾನು ನಕ್ಷೆಗಳ ವಿಷಯ ಹೇಳಿದೆ. ಗ್ರಂಥಪಾಲರ ಫೋನಿನ ವಿಷಯ ಹೇಳಿದೆ. ಅವನು, “ಓ, ಅದು ಗೊತ್ತಿರಲಿಲ್ಲ” ಎಂದ. ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಟ್ಟು, “ನಕ್ಷೆ ಇನ್ನೊಂದು ಸಲ ಬರುತ್ತೆ” ಎಂದ.

ನಾನು ಕಿರುಚಲಿಲ್ಲ. ಕಿರುಚಿದರೆ ಅತ್ತೆಗೆ ಕೇಳಿಸುತ್ತದೆ ಎಂದಲ್ಲ. ಅವರು ಬಾಗಿಲ ಬಳಿಯೇ ನಿಂತು ಎಲ್ಲ ಕೇಳಿದ್ದರು.

“ನಿಮ್ಮಪ್ಪ ಮಾಡಿದ್ದೆಲ್ಲ ನನ್ನ ತಲೆಗೇ ಕಟ್ಟೋವ್ರು,” ಎಂದರು ಮಗನಿಗೆ. “ಹಾಲು ಉಕ್ಕಿದ್ರೂ ನಾನೇ, ಬಸ್ಸು ತಪ್ಪಿದ್ರೂ ನಾನೇ. ಅಭ್ಯಾಸ ಆಗಿಹೋಯ್ತು.”

“ನೋಡಿದ್ಯಾ,” ಎಂದ ಅವನು ನನಗೆ.

“ಏನ್ ನೋಡೋದು?” ಅತ್ತೆ ಹಣೆ ಗಂಟಿಕ್ಕಿದರು. “ಆಗಬಾರದಿತ್ತು ಅಂತ ಹೇಳ್ತಿದೀನಿ, ದಡ್ಡ.”

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವನು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ನಾನು ಒಪ್ಪಿಕೊಳ್ಳುತ್ತೇನೆ ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಅವನು ಮೌನವನ್ನು ಒಪ್ಪಿಗೆ ಎಂದುಕೊಂಡಿದ್ದ. ಅದೂ ಅವನ ಒಂದು ಅನುಕೂಲ.

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಲ್ಲಿ ಜೆರಾಕ್ಸ್ ಯಂತ್ರದ ಬಿಸಿ ವಾಸನೆ. ಕೆಳಗೆ ಟ್ಯೂಬ್‌ಲೈಟಿನ ಕೆಳಗೆ ಗಾಜಿನ ಕಪಾಟುಗಳು, ಅವುಗಳಲ್ಲಿ ಸಾಲು ಸಾಲು ಡಬ್ಬಿಗಳು. ನಡುವಿನ ಜಾಗದಲ್ಲಿ ಸ್ಟೂಲುಗಳ ಮೇಲೆ ಕೆಲವರು ಕೂತಿದ್ದರು. ಪ್ರೊಫೆಸರರು ಕೋಟಿನಲ್ಲಿ, ಫ್ಲಾಸ್ಕಿನಿಂದ ಕಾಗದದ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದರು. ಮೂಲೆಯಲ್ಲಿ ಗ್ರಂಥಪಾಲರು: ಸಣಕಲು ಮನುಷ್ಯ, ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಕನ್ನಡಕದ ಮೇಲಿಂದ ನೋಡುವವರು. ಅವರನ್ನು ಬೈಂಡಿಂಗ್ ಅಂಗಡಿಯಲ್ಲಿ ಒಂದೆರಡು ಸಲ ಕಂಡಿದ್ದೆ.

“ಕಣ್ಣು ಬಂದ, ಕಣ್ಣಿನ ರೆಪ್ಪೇನೂ ಬಂದ್ರು,” ಎಂದ ಒಬ್ಬ ಗಡ್ಡದವನು. ನಗು ಎದ್ದಿತು.

“ಬಾಮ್ಮ, ಬಾ,” ಎಂದರು ಪ್ರೊಫೆಸರರು, ನನ್ನ ಕೈಗೆ ಲೋಟ ಕೊಡುತ್ತ. “ನೀನು ಬಂದಿದ್ದೇ ದೊಡ್ಡದು. ಮನಸ್ಸಿಗೆ ಹಚ್ಚಿಕೋಬೇಡ. ತಪ್ಪು ಯಾರಿಂದ ಆಗಲ್ಲ? ನೀನು ಚೆಂದ ಕಾಣ್ಲಿ ಅಂತ ಮಾಡಿದ್ದು. ನಾವೆಲ್ಲ ಅದನ್ನ ಮರೆತಾಯ್ತು.”

“ಯಾವ ತಪ್ಪು?” ಎಂದೆ.

“ಅದೇಮ್ಮ, ಮೀನಿನ...”

“ಮೀನನ್ನ ನಾನು ಮುಟ್ಟಿಲ್ಲ. ನಿಮ್ಮ ಕ್ಷಮೆ ನನಗೆ ಬೇಡ. ಬೇಕಾದವರು ಇಲ್ಲಿ ಯಾರಾದ್ರೂ ಇರ್ತಾರೆ, ಅವರಿಗೆ ಕೊಡಿ.”

ಗಂಡ ನನ್ನ ಮೊಣಕೈ ಹಿಡಿದ. ಕೊಡವಿದೆ. ಟೀ ಸ್ವಲ್ಪ ಚೆಲ್ಲಿತು. ಪ್ರೊಫೆಸರರು ಕರವಸ್ತ್ರ ತೆಗೆದು ಗಾಜಿನ ಮೇಲಿನ ಟೀ ಒರೆಸಿದರು, ಬಹಳ ನಿಧಾನ. “ಗಂಡ ಹೆಂಡತಿ ಜಗಳ ನಮ್ಮ ಅಂಗಡಿಗೆ ಯಾಕಪ್ಪ” ಎಂದರು.

“ಜಗಳ ಅಲ್ಲ,” ಎಂದೆ. “ಆ ಕಾರ್ಡು ನಿಮ್ಮ ಸ್ಟಿಕ್ಕರ್ ಹಾಕ್ಕೊಂಡು ನಮ್ಮನೆಗೆ ಬಂತು. ಅದೇ ಸ್ಟಿಕ್ಕರಲ್ಲಿ ಕಪಾಟಲ್ಲಿತ್ತು. ಕಳಿಸೋ ದಿನ ಅದನ್ನ ಕಿತ್ತಿದ್ದು ಇವನು. ಅಲ್ಲಿಂದ ಸೀದಾ ಕಂಪನಿಗೆ ಹೋಯ್ತು. ನಡುವೆ ಕತ್ತರಿಸೋಕೆ ನಾನೇನು ಗಾಳೀನಾ, ಕವರೊಳಗೆ ನುಗ್ಗೋಕೆ?”

ಯಾರೂ ನಗಲಿಲ್ಲ. ಗ್ರಂಥಪಾಲರು ಕನ್ನಡಕದ ಮೇಲಿಂದ ನನ್ನ ಗಂಡನನ್ನು ನೋಡಿದರು. “ಹೌದೇನಪ್ಪ? ಕಳಿಸೋವಾಗ ಸ್ಟಿಕ್ಕರ್ ಹಾಗೇ ಇತ್ತಾ?”

ನನ್ನ ಗಂಡ ಪ್ರೊಫೆಸರರನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ಮೀನನ್ನು ನೋಡಿದ.

“ನೆನಪಿಲ್ಲ,” ಎಂದ.

ಫ್ಯಾನ್ ಆರಿಸು ಎಂದವನು. ಉಸಿರು ಆ ಕಡೆ ಬಿಡು ಎಂದವನು. ಬೇರೆಯವರ ಕಾರ್ಡಿನ ಮೇಲೆ ಹತ್ತು ವರ್ಷದ ಹಿಂದೆ ಕಂಡ ಗೀರು ಯಾವ ಮೂಲೆಯಲ್ಲಿತ್ತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು. ಏನು ಮಾಡುತ್ತೇನೆ ಎಂದು ನನಗೇ ಭಯವಾಯಿತು, ಅಲ್ಲಿ ಅಷ್ಟೊಂದು ಗಾಜಿತ್ತು. ನಾನು ಖಾಲಿಯಿದ್ದ ಒಂದು ಸ್ಟೂಲನ್ನು ಎಳೆದುಕೊಂಡು, ಅಂಗಡಿಯ ನಟ್ಟನಡುವೆ, ಹೋಗುವವರು ಬರುವವರು ಸುತ್ತು ಹಾಕಬೇಕಾದ ಕಡೆ, ಕೂತೆ.

“ನೆನಪಾಗಲಿ,” ಎಂದೆ. “ಕಾಯ್ತೀನಿ.”

ಮೊದಲು ಅವರು ಅದನ್ನು ತಮಾಷೆ ಎಂದುಕೊಂಡರು. “ಅಕ್ಕಾ, ಇಲ್ಲಿ ಟಿಕೆಟ್ ತಗೊಂಡು ಕೂತ್ಕೋಬೇಕು,” ಎಂದ ಗಡ್ಡದವನು.

“ಸಿನಿಮಾ ಶುರುವಾಗ್ಲಿ, ತಗೋತೀನಿ.”

ಆಮೇಲೆ ಅವರು ನಾನಿಲ್ಲದಂತೆ ಮಾತಾಡಲು ನೋಡಿದರು. ಹೊಸ ಸರಣಿಯ ವಿಷಯ, ಮೇಳದ ವಿಷಯ. ಆದರೆ ಕಾರ್ಡು ಕೈಯಿಂದ ಕೈಗೆ ಹೋಗಬೇಕಾದರೆ ನನ್ನ ತಲೆಯ ಮೇಲಿಂದ ಹೋಗಬೇಕಿತ್ತು. ಮಾತು ತುಂಡು ತುಂಡಾಯಿತು. ಒಬ್ಬನಿಗೆ ತರಕಾರಿ ತರುವುದಿದೆ ಎಂದು ನೆನಪಾಯಿತು, ಇನ್ನೊಬ್ಬ ಫೋನ್ ಬಂದಂತೆ ಮಾಡಿ ಮೆಟ್ಟಿಲು ಹತ್ತಿದ. ಗ್ರಂಥಪಾಲರು ಏಳಲಿಲ್ಲ, ಹಳೆಯ ಪಟ್ಟಿಯೊಂದರ ಪುಟ ತಿರುವುತ್ತ ಕೂತಿದ್ದರು. ನನ್ನ ಪರವಾಗಿ ಕೂತಿದ್ದರೆಂದು ನಾನು ಹೇಳಲಾರೆ. ನಕ್ಷೆ ಅವರದು.

“ನಾನು ಊಟಕ್ಕೆ ಹೋಗ್ಬೇಕಮ್ಮ,” ಎಂದರು ಪ್ರೊಫೆಸರರು. ಅವರ ದನಿಯಲ್ಲಿದ್ದ ಬೆಣ್ಣೆ ಕರಗಿತ್ತು.

“ಹೋಗಿ ಬನ್ನಿ. ಅಂಗಡಿ ನೋಡ್ಕೋತೀನಿ. ಬ್ಲೇಡೇನೂ ತಂದಿಲ್ಲ.”

“ಮರ್ಯಾದೆ ಅನ್ನೋದು...” ಎಂದು ಗಂಡ ನನ್ನ ಕಿವಿಯ ಬಳಿ ಬಗ್ಗಿದ.

“ಯಾರದು?” ಎಂದೆ. ಅವನು ಹಿಂದೆ ಸರಿದ.

ಆಗ ಮೆಟ್ಟಿಲಿಳಿದು ಒಬ್ಬ ಗಿರಾಕಿ ಬಂದ. ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡ, ಈ ಲೋಕಕ್ಕೆ ಹೊಸಬನೆಂದು ನೋಡಿದರೇ ತಿಳಿಯುವ ಮನುಷ್ಯ. ನನ್ನನ್ನು ಸುತ್ತಿಕೊಂಡು ಹೋಗಿ ಕಪಾಟಿನ ಮುಂದೆ ನಿಂತು, ತಿಮಿಂಗಿಲವಿದ್ದ ಒಂದು ಡಬ್ಬಿಯನ್ನು ತೋರಿಸಿದ. “ಚಿಕ್ಕವನಿದ್ದಾಗ ನನ್ನ ಹತ್ರ ಇತ್ತು ಇದು,” ಎಂದ. ಪ್ರೊಫೆಸರರ ಮುಖ ಅರಳಿತು. ತೆಗೆದುಕೊಟ್ಟರು. ಗಿರಾಕಿ ತಿರುಗಿಸಿ ಮುರುಗಿಸಿ ನೋಡಿದ.

“ಇದರಲ್ಲಿ ನಂಬರ್ ಇಲ್ವಲ್ಲ ಸಾರ್. ಅಸಲಿ ಅಂತ ಮಾತ್ರ ಇದೆ.”

“ಅಸಲಿ ಅಂತ ಬರೆದ ಮೇಲೆ ಇನ್ನೇನು ಬೇಕಪ್ಪ?” ಎಂದರು ಪ್ರೊಫೆಸರರು. “ನಂಬರ್ ನಾಳೆ ಬದಲಾಗುತ್ತೆ. ಅಸಲಿ ಅನ್ನೋದು ಬದಲಾಗುತ್ತಾ?”

ಎಷ್ಟು ಚೆನ್ನಾಗಿ ಹೇಳಿದರು. ನನ್ನ ಅತ್ತೆಯೂ ಪಕ್ಕದ ಮನೆಯಾಕೆಯೂ ನಾನೂ ಬಿದ್ದ ಗುಂಡಿ ಅದೇ. ಗಿರಾಕಿ ತಲೆದೂಗಿದ. ಆದರೂ ಸಮಾಧಾನವಾಗದೆ, ಪಕ್ಕದಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದ ನನ್ನ ಗಂಡನನ್ನು ಕೇಳಿದ: “ನೀವೇ ಅಲ್ವಾ ಕಣ್ಣು ಅಂದ್ರೆ? ನಮ್ಮ ಸ್ನೇಹಿತ ಹೇಳಿದ್ದ. ಇದು ತಗೋಬಹುದಾ?”

ನನ್ನ ಗಂಡ ಡಬ್ಬಿಯನ್ನು ಕೈಗೆ ತೆಗೆದುಕೊಂಡ. ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿದ. ಅವನ ಬೆನ್ನು ನೆಟ್ಟಗಾಯಿತು. ಪ್ರೊಫೆಸರರು ಕೆಮ್ಮಿದರು. ಅದು ಅವನಿಗೆ ಕೇಳಿಸಲೇ ಇಲ್ಲ.

“ಕತ್ತರಿಸಿದಾರೆ,” ಎಂದ. “ಮೇಲಿನ ಅಂಚು ನೋಡಿ, ಉಳಿದ ಮೂರಕ್ಕಿಂತ ಚೂಪಾಗಿದೆ. ಕಳಿಸಿದವರೇ ಹಾಗೆ ಕೇಳಿ ಬರೆಸಿದ್ರೆ ಬೇರೆ ಮಾತು. ಇಲ್ದಿದ್ರೆ ನಂಬರ್ ಇಲ್ದೆ ಬರೀ ಅಸಲಿ ಅಂತ ಇದ್ರೆ, ಯಾರೋ ಕೈ ಹಾಕಿದಾರೆ ಅಂತ್ಲೇ ಅರ್ಥ. ನೆನಪಿಗೆ ಬೇಕಾದ್ರೆ ತಗೊಳ್ಳಿ. ಒಳ್ಳೇ ಕಾರ್ಡು ಅಂತ ತಗೋಬೇಡಿ.”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಿತು. ಡಬ್ಬಿಯನ್ನು ಕಪಾಟಿನ ಮೇಲಿಟ್ಟ. ಗಿರಾಕಿ ಥ್ಯಾಂಕ್ಸ್ ಹೇಳಿ, ಬೇರೇನೂ ನೋಡದೆ ಮೆಟ್ಟಿಲು ಹತ್ತಿದ.

ಹೆಲ್ಮೆಟ್ಟಿನ ಮನುಷ್ಯ ಅವನಿಗೆ ಯಾರು? ಹೆಸರು ಗೊತ್ತಿಲ್ಲ, ಮತ್ತೆ ಸಿಗುವವನಲ್ಲ. ಅವನಿಗಾಗಿ, ಒಂದು ತಿಮಿಂಗಿಲದ ಅಂಚಿಗಾಗಿ, ಬಾಯಿ ತಾನಾಗಿ ತೆರೆದಿತ್ತು. ಕುರ್ಚಿ, ಮೇಳ, ಭಾನುವಾರ, ಯಾವುದೂ ಅಡ್ಡ ಬರಲಿಲ್ಲ. ಕಾರ್ಡಿನ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಲು ಬರುವುದೇ ಇಲ್ಲ. ಬರುವುದು ನನ್ನ ವಿಷಯದಲ್ಲಿ.

ಗ್ರಂಥಪಾಲರು ಪುಟ ಮುಚ್ಚಿದರು. “ಈಗ ನಿಮ್ಮ ಮೀನಿನ ವಿಷಯ,” ಎಂದರು. “ಸ್ಟಿಕ್ಕರ್ ಇತ್ತಾ?”

“ಇತ್ತು,” ಎಂದ ಅವನು, ನೆಲ ನೋಡುತ್ತ.

“ಯಾರದು?”

“ಇವರದು.”

“ತೆಗೆದದ್ದು?”

“ನಾನೇ. ಅವಳು ಮುಟ್ಟಿಲ್ಲ. ಯಾವತ್ತೂ ಮುಟ್ಟಿಲ್ಲ.”

ಪ್ರೊಫೆಸರರು ಕೋಟಿನ ಗುಂಡಿ ಹಾಕಿಕೊಂಡರು. “ನಾನೂ ಯಾರಿಂದಲೋ ಕೊಂಡದ್ದೇ,” ಎಂದರು. “ನನ್ನ ಕೈಗೆ ಬರೋ ಮೊದಲೇ ಆಗಿರಬಹುದು. ನಾನು ಕಂಡೆನಾ?”

ಅದು ನಿಜವಿದ್ದರೂ ಇರಬಹುದು. ಅಂಚು ಕತ್ತರಿಸಿದವನು ಯಾವ ಊರಿನಲ್ಲಿ ಯಾವಾಗ ಸತ್ತನೋ. ಆದರೆ ಕಂಡಿಲ್ಲ ಎಂದು ಹೇಳಲು ಬಾಯಿ ಇದ್ದವರು ಆವತ್ತೂ ಅದನ್ನೇ ಹೇಳಬಹುದಿತ್ತು. “ಗೊತ್ತಿಲ್ಲ” ಎನ್ನುವುದಕ್ಕಿಂತ “ನಿಮ್ಮನೇಲಿ ಬ್ಲೇಡು ಯಾರ ಕೈಯಲ್ಲಿರುತ್ತೆ” ಎನ್ನುವುದು ಅವರಿಗೆ ಸುಲಭವಾಯಿತು. ಅದನ್ನು ನಾನು ಹೇಳಿದೆ. ಅವರು ನನ್ನನ್ನು ನೋಡದೆ ದೀಪ ಆರಿಸತೊಡಗಿದರು, ಒಂದೊಂದೇ ಕಪಾಟಿನದು.

ಮೆಟ್ಟಿಲ ಬಳಿ ಗ್ರಂಥಪಾಲರು ನಿಂತು, “ನಾಳೆ ನಕ್ಷೆ ಕಳಿಸ್ತೀನಿ. ನಿಮ್ಮ ಕೈಗೇ ಕೊಡಿ ಅಂತ ಹೇಳ್ತೀನಿ” ಎಂದರು. ಫೋನ್ ಮಾಡಿದ್ದಕ್ಕೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ನಾನೂ ಧನ್ಯವಾದ ಹೇಳಲಿಲ್ಲ. ನನ್ನದೇ ಕೆಲಸ ನನಗೆ ಬಂದದ್ದಕ್ಕೆ ಯಾರಿಗೆ ಯಾಕೆ ಹೇಳಬೇಕು?

ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್‌ಸ್ಟಾಪಿನ ತನಕ ಅವನು ನನ್ನಿಂದ ಒಂದು ಹೆಜ್ಜೆ ಹಿಂದೆ ನಡೆದ. ಅಲ್ಲಿ ನಿಂತ ಮೇಲೆ, ಬಹಳ ದಣಿದವನಂತೆ ಕೇಳಿದ: “ಹೇಳಿದ್ನಲ್ಲ. ಈಗ ಸಮಾಧಾನ ಆಯ್ತಾ?”

“ನೀನು ಹೇಳಲಿಲ್ಲ,” ಎಂದೆ. “ನಾನು ಹೇಳಿಸಿದೆ.”

“ಎರಡೂ ಒಂದೇ ಅಲ್ವಾ?”

ಅವನು ನಿಜಕ್ಕೂ ಕೇಳುತ್ತಿದ್ದ. ಅವನಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೂದಲೆಳೆಯಷ್ಟು ಗಿಡ್ಡವಾದದ್ದನ್ನು ಬರಿಗಣ್ಣಿನಲ್ಲಿ ಹಿಡಿಯುವವನು, ನನ್ನ ಎದುರು ನಿಂತು, ಹುಬ್ಬು ಮೇಲೆತ್ತಿ, ಉತ್ತರಕ್ಕೆ ಕಾಯುತ್ತಿದ್ದ.

ಬಸ್ಸು ಬಂತು. ನಾನು ಮುಂದಿನ ಬಾಗಿಲಿನಿಂದ ಹತ್ತಿ, ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟೆ. ಅವನು ಹತ್ತಿದನೋ ಇಲ್ಲವೋ ತಿರುಗಿ ನೋಡಲಿಲ್ಲ. ಟಿಕೆಟ್ ಕೊಡುವವನು ಬಂದು, “ಎಷ್ಟು ಜನ?” ಎಂದ.

“ಒಬ್ಬಳೇ,” ಎಂದೆ.